ಸೀಟಿಗೆ ಹಾಕಿದ ಟವೆಲ್ಲು

ಅಂದು ರಾತ್ರಿ ಹತ್ತು ಗಂಟೆಗೆ ಅಮ್ಮಿ ಹೊಲಿಗೆ ಯಂತ್ರ ಬಿಟ್ಟೆದ್ದು, "ಬೇಟಾ, ಎದೆ ಡವಗುಟ್ಟುತ್ತಿದೆ" ಎಂದರು. ಕೈ ಹಿಡಿದು ನೋಡಿದೆ. ಎಣಿಸಲಾಗದಷ್ಟು ವೇಗ. ಸುಸ್ತಾಗಿರಬೇಕೆಂದು ಕಡಕ್ ಚಹಾ ಮಾಡಿ ಕುಡಿಸಿದೆ. ಕಡಿಮೆಯಾಗಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು.

ಇಸಿಜಿ ನೋಡಿದ ಡಾಕ್ಟರು, "ಇವರಿಗೆ ಅಸ್ತಮಾ ಇದೆಯಾ? ಚಹಾ, ಕಾಫಿ ಏನಾದರೂ ಕುಡಿದಿದ್ದಾರಾ?" ಎಂದು ಕೇಳಿದರು. "ಅಸ್ತಮಾ ಇಲ್ಲ. ಚಹಾ ಈಗಷ್ಟೇ ಕುಡಿಸಿದೆ" ಎಂದೆ. "ಅಡೆನೊಸಿನ್ ಕೊಡುತ್ತೇವೆ. ಹೃದಯ ಕೆಲವು ಸೆಕೆಂಡು ನಿಲ್ಲಬಹುದು, ಹೆದರಬೇಡಿ" ಎಂದರು. 6 ಮಿಲಿಗ್ರಾಂ ಕೊಟ್ಟರು, ಏನೂ ಆಗಲಿಲ್ಲ. ಚಹಾ ಅಡ್ಡ ಬಂದಿರಬಹುದು ಎನ್ನುತ್ತ 12 ಕೊಟ್ಟರು. ಪರದೆಯ ಮೇಲಿನ ಗೆರೆ ಸಪಾಟಾಯಿತು. ನನ್ನ ಉಸಿರೂ ನಿಂತಿತು. ಆಮೇಲೆ ಒಂದು ಬಡಿತ, ಇನ್ನೊಂದು, ಬಳಿಕ ನಿಧಾನವಾದ ಸಾಲು.

ಕತೆ ಬರೆಯುವ ನನ್ನನ್ನು ಆ ಚಹಾದ ಮಾತು ಬಿಡಲಿಲ್ಲ. ಓದಿ ತಿಳಿದುಕೊಂಡೆ. ನಮ್ಮ ಜೀವಕೋಶಗಳು ದುಡಿಮೆಗೆ ಖರ್ಚು ಮಾಡುವ ಶಕ್ತಿಯ ಹೆಸರು ಎಟಿಪಿ. ಅದು ಸವೆದಾಗ ಉಳಿಯುವುದು ಅಡೆನೊಸಿನ್. ಅದು ಕೋಶದ ಹೊರಗೆ ಸೇರಿ, ಮೇಲ್ಮೈಯಲ್ಲಿರುವ ಗ್ರಾಹಕವೆಂಬ ಪ್ರೋಟೀನನ್ನು ಹುಡುಕುತ್ತದೆ. ಅಮ್ಮಿಯ ದಾರ ಬಟ್ಟೆಯನ್ನು ಹೊಕ್ಕು ಹೊರಬರುವಂತೆ, ಈ ಪ್ರೋಟೀನಿನ ಎಳೆ ಕೋಶದ ಪೊರೆಯನ್ನು ಏಳು ಸಲ ದಾಟಿದೆ. ಹೊರಮುಖದ ಕಡೆ ಒಂದು ಸಣ್ಣ ಕುಳಿ. ಅಡೆನೊಸಿನ್ ಅಲ್ಲಿ ಕುಳಿತರೆ ಇಡೀ ಪ್ರೋಟೀನು ಕದಲಿ, ಒಳಗಿರುವ ಜಿ-ಪ್ರೋಟೀನಿಗೆ ಸುದ್ದಿ ಮುಟ್ಟುತ್ತದೆ.

ಇಂಥ ಗ್ರಾಹಕಗಳಲ್ಲಿ ನಾಲ್ಕು ಬಗೆ: ಎ1, ಎ2ಎ, ಎ2ಬಿ, ಎ3. ಹೃದಯದ ಎ1ಕ್ಕೆ ಸುದ್ದಿ ಮುಟ್ಟಿದರೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ವಿದ್ಯುತ್ ಸಂಕೇತ ಕ್ಷಣಕಾಲ ತಡೆಯುತ್ತದೆ. ರಕ್ತದಲ್ಲಿ ಅಡೆನೊಸಿನ್ ಉಳಿಯುವುದು ಕೆಲವೇ ಸೆಕೆಂಡು. ಅದಕ್ಕೇ ಅಮ್ಮಿಯ ಹೃದಯ ಮರಳಿತು. ಮೆದುಳಿನಲ್ಲಿ ಎ1 ಮತ್ತು ಎ2ಎಗೆ ತಲುಪುವ ಸುದ್ದಿಯೇ ಬೇರೆ: ದಣಿದಿದ್ದೀಯ, ಮಲಗು. ಈ ಎ2ಎಯ ಆಕಾರವನ್ನು ವಿಜ್ಞಾನಿಗಳು ಎಕ್ಸ್-ರೇ ಮೂಲಕ ಬಿಡಿಸಿ ಕಂಡದ್ದು 2008ರಲ್ಲಿ.

ಚಹಾದ ಕೆಫೀನು ಅಡೆನೊಸಿನ್ನನ್ನು ಒಂದಿಷ್ಟು ಹೋಲುತ್ತದೆ. ಅದೇ ಕುಳಿಯಲ್ಲಿ ಬಂದು ಕೂರುತ್ತದೆ, ಸುದ್ದಿ ಮಾತ್ರ ಮುಟ್ಟಿಸುವುದಿಲ್ಲ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದ ಹಾಗೆ. ಕೂರಬೇಕಾದವರು ನಿಂತೇ ಇರುತ್ತಾರೆ.

ಇದನ್ನು ತಿಳಿದ ಮೇಲೆ ನನಗೆ ನೆನಪಾದದ್ದು ನಮ್ಮ ಬಾಲ್ಯ. ಈದ್ ಹತ್ತಿರ ಬಂದರೆ ಅಮ್ಮಿ ರಾತ್ರಿಯಿಡೀ ಮೊಹಲ್ಲಾದವರ ಬಟ್ಟೆ ಹೊಲಿಯುತ್ತಿದ್ದರು. ನಾವು ಮಕ್ಕಳು ಸರದಿಯಲ್ಲಿ ಚಹಾ ತಂದು ಪಕ್ಕದಲ್ಲಿಡುತ್ತಿದ್ದೆವು. ಅದೇ ದೊಡ್ಡ ಸೇವೆಯೆಂದು ತಿಳಿದಿದ್ದೆವು. ಚಹಾ ದಣಿವನ್ನು ತೆಗೆಯುವುದಿಲ್ಲ, ಅದರ ಮಾತು ಕೇಳಿಸದಂತೆ ಮಾಡುತ್ತದೆ ಅಷ್ಟೆ. ಅಷ್ಟೂ ವರ್ಷ ಟವೆಲ್ಲು ಹಾಕುತ್ತ ಬಂದವರು ನಾವೇ.

ಈಗಲೂ ಅಮ್ಮಿ ಚಹಾ ಕೇಳುತ್ತಾರೆ. ಮಾಡಿಕೊಡುತ್ತೇನೆ. ಅದಕ್ಕೆ ಮೊದಲು ಹೊಲಿಗೆ ಯಂತ್ರದ ದೀಪ ಆರಿಸಿ ಬರುತ್ತೇನೆ.