ಸಮುದ್ರಪಾಲು

ನದಿಯನ್ನು ನೋಡಹೋಗುವವರು ಬಹುಮಟ್ಟಿಗೆ ಅದರ ಮೂಲವನ್ನು ನೋಡಹೋಗುವರು. ತಲಕಾವೇರಿಯ ಯಾತ್ರೆ ಮಾಡಿದವರು ನಮ್ಮ ಜಿಲ್ಲೆಯಲ್ಲಿ ಊರೂರಿಗೂ ಸಿಕ್ಕುವರು. ಆ ತಾಯಿಯು ಪೂಂಪುಹಾರಿನ ಬಳಿ ಕಡಲನ್ನು ಸೇರುವುದನ್ನು ಕಂಡುಬಂದವರು ವಿರಳ. ನಾನೂ ಕಂಡವನಲ್ಲ. ಹೀಗಿರಲು, ನನ್ನ ಬಾಳಿನಲ್ಲಿ ಮೊಟ್ಟಮೊದಲು ನೋಡಿದ ನದೀಮುಖವು ಸಾವಿರಾರು ಮೈಲಿಗಳಾಚೆ ಆಸ್ಟ್ರೇಲಿಯಾ ಖಂಡದ ಮರ್ರೆ ನದಿಯದಾದುದು ವಿಧಿಯ ವಿನೋದವೆಂದೇ ಹೇಳಬೇಕು.

2009ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಮಗಳ ಮನೆಯಲ್ಲಿ ಕೆಲವು ವಾರ ಇದ್ದು ಬರಲೆಂದು ಅಡಿಲೇಡ್ ನಗರಕ್ಕೆ ಹೋಗಿದ್ದೆನು. ಆ ನಗರಕ್ಕೆ ಮರ್ರೆಯ ನೀರನ್ನು ಕೊಳವೆಗಳಲ್ಲಿ ತರುವರೆಂದು ತಿಳಿದಾಗ, ಕುಡಿದ ನೀರಿನ ಋಣಕ್ಕಾದರೂ ಆ ನದಿಯ ದರ್ಶನ ಮಾಡಬೇಕೆನ್ನಿಸಿತು. ಮಗಳೂ ಅಳಿಯನೂ ನನ್ನನ್ನು ಗೂಲ್ವ ಎಂಬ ಊರಿಗೂ, ಅಲ್ಲಿಂದ ಹಿಂಡ್‌ಮಾರ್ಷ್ ದ್ವೀಪದ ತುದಿಗೂ ಕರೆದೊಯ್ದರು. ಸಂಗಮವೆಂದರೆ ಘನಗಂಭೀರವಾದ ಒಂದು ದೃಶ್ಯವನ್ನು ನಾನು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದೆನು. ಅಲ್ಲಿ ಕಂಡುದೇ ಬೇರೆ. ಎರಡು ಮರಳುದಿಬ್ಬಗಳ ನಡುವೆ ಒಂದು ಇಕ್ಕಟ್ಟಾದ ಕಂಡಿ. ಅದರಾಚೆ ಭೋರ್ಗರೆಯುವ ಕಡಲು. ಈಚೆ ಹೂಳೆತ್ತುವ ಯಂತ್ರವೊಂದು ನೀರಿನ ಮೇಲೆ ನಿಂತು, ಮರಳನ್ನು ಹೀರಿ ಹೀರಿ ಉದ್ದನೆಯ ಕೊಳವೆಗಳ ಮೂಲಕ ಹೊರಕ್ಕೆ ಉಗುಳುತ್ತಿದ್ದಿತು.

“ಇದೇನಮ್ಮ, ಸೇತುವೆ ಕಟ್ಟುತ್ತಿರುವರೇ?” ಎಂದು ಕೇಳಿದೆನು.

“ಇಲ್ಲ ಅಪ್ಪ. ನದಿಗೆ ಮರಳನ್ನು ತಳ್ಳುವಷ್ಟು ನೀರಿಲ್ಲ. ಈ ಯಂತ್ರ ನಿಂತರೆ ಅದರ ಬಾಯೇ ಮುಚ್ಚಿಹೋಗುತ್ತದೆಯಂತೆ. 2002ರಿಂದ ಹೀಗೆಯೇ ನಡೆಯುತ್ತಿದೆ,” ಎಂದಳು.

ನನಗೆ ಮಾತು ಹೊರಡಲಿಲ್ಲ. ಉಸಿರಾಡಲಾರದ ರೋಗಿಯ ಬಾಯಿಗೆ ಕೊಳವೆಯನ್ನಿಟ್ಟುದನ್ನು ಕಂಡಂತಾಯಿತು.

ಮರ್ರೆಯು ಸಾಮಾನ್ಯವಾದ ಹೊಳೆಯಲ್ಲ. ಖಂಡದ ಆಗ್ನೇಯ ಭಾಗದ ಹಿಮಪರ್ವತಗಳಲ್ಲಿ ಹುಟ್ಟಿ, 2,508 ಕಿಲೋಮೀಟರು ಹರಿದು, ಅಲೆಕ್ಸಾಂಡ್ರಿನಾ ಎಂಬ ಸರೋವರದ ಮೂಲಕ ದಕ್ಷಿಣ ಸಮುದ್ರವನ್ನು ಸೇರುವುದು. ಡಾರ್ಲಿಂಗ್, ಮರಂಬಿಜಿ ಮೊದಲಾದ ಉಪನದಿಗಳನ್ನು ಕೂಡಿಸಿ ಎಣಿಸಿದರೆ ಅದರ ಜಲಾನಯನ ಪ್ರದೇಶವು 10 ಲಕ್ಷ ಚದರ ಕಿಲೋಮೀಟರಿಗೂ ಮಿಗಿಲು. ಇಡೀ ಖಂಡದ ಏಳನೆಯ ಒಂದು ಭಾಗ. ನಮ್ಮ ಕಾವೇರಿಯದು 81,155 ಚದರ ಕಿಲೋಮೀಟರು. ಆದರೆ ಆ ವಿಸ್ತಾರಕ್ಕೆ ತಕ್ಕ ನೀರು ಅಲ್ಲಿಲ್ಲ. ನೆಲ ಚಪ್ಪಟೆ, ಮಳೆ ಕಡಮೆ, ಬಿಸಿಲು ಪ್ರಖರ. ಕೆಲವು ವರ್ಷ ನೆರೆ, ಹಲವು ವರ್ಷ ಬರ. ದಡದಲ್ಲಿ ಬೆಳೆಯುವ ಒಂದು ಜಾತಿಯ ನೀಲಗಿರಿ ಮರಗಳು ಈ ಸ್ವಭಾವಕ್ಕೆ ಒಗ್ಗಿದವುಗಳು. ಬರವನ್ನು ಅವು ಸಹಿಸಬಲ್ಲುವು, ಆದರೆ ಆಗಾಗ ನೆರೆಯ ನೀರು ಬುಡದಲ್ಲಿ ಬಂದು ನಿಂತಲ್ಲದೆ ಬಹುಕಾಲ ಬಾಳಲಾರವು.

ನದೀಮುಖದ ನಾಡಿನ ಮೂಲನಿವಾಸಿಗಳಿಗೆ ಙಾರಿಂಜೆರಿಗಳೆಂದು ಹೆಸರು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಆ ದೂರದೇಶದಲ್ಲಿ ಅಗ್ರಸ್ಥಾನವು ದೊರಕಿರುವುದನ್ನು ಕಂಡು ಸಂತೋಷವಾಯಿತು. ಅವರ ಪುರಾಣದಲ್ಲಿ ಙುರುಂಡೆರಿ ಎಂಬ ಮಹಾಪುರುಷನು ಪೊಂಡಿ ಎಂಬ ದೈತ್ಯಮತ್ಸ್ಯವನ್ನು ಅಟ್ಟಿಕೊಂಡು ಬಂದನು. ಆ ಮೀನು ಬಾಲವನ್ನು ಬಡಿದು ಬಡಿದು ಓಡಿದ ದಾರಿಯೇ ನದಿಯ ತಿರುವುಗಳಾಯಿತು. ಕೊನೆಗೆ ಸರೋವರದಲ್ಲಿ ಅದು ಸಿಕ್ಕಿ, ಅದರ ತುಣುಕುಗಳಿಂದ ನಾನಾ ಜಾತಿಯ ಮೀನುಗಳು ಹುಟ್ಟಿದುವು. ಅಗಸ್ತ್ಯರ ಕಮಂಡಲುವಿನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸದು.

1830ರಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಸ್ಟರ್ಟನು ದೋಣಿಯಲ್ಲಿ ಈ ನದಿಯನ್ನು ಇಳಿದು ಬಂದು, ಇಂಗ್ಲೆಂಡಿನ ಮಂತ್ರಿಯೊಬ್ಬನ ಹೆಸರನ್ನು ಇದಕ್ಕೆ ಇಟ್ಟನು. ಸ್ಟರ್ಟನು ಹುಟ್ಟಿದುದು ನಮ್ಮ ಗಂಗಾತೀರದ ಚುನಾರಿನಲ್ಲಿ. 1853ರಲ್ಲಿ ಉಗಿಹಡಗುಗಳು ಬಂದುವು. ಕುರಿಯ ಉಣ್ಣೆಯ ವ್ಯಾಪಾರ ಬೆಳೆಯಿತು. 1887ರಲ್ಲಿ ಛಾಫಿ ಸೋದರರು ನೀರಾವರಿಯ ವಸಾಹತುಗಳನ್ನು ಆರಂಭಿಸಿ, ಒಣನೆಲದಲ್ಲಿ ದ್ರಾಕ್ಷಿ ಕಿತ್ತಳೆಗಳನ್ನು ಬೆಳೆಯಿಸಿದರು. ಮುಂದೆ ಪ್ರಧಾನಮಂತ್ರಿಯಾದ ಆಲ್ಫ್ರೆಡ್ ಡೀಕಿನ್ನನು ನಮ್ಮ ದೇಶದ ಕಾಲುವೆಗಳನ್ನು ನೋಡಿಹೋಗಿ, 1893ರಲ್ಲಿ ‘ಇರಿಗೇಟೆಡ್ ಇಂಡಿಯಾ’ ಎಂಬ ಗ್ರಂಥವನ್ನೇ ಬರೆದನು. ನೀರು ಹರಿದಲ್ಲಿ ವ್ಯಾಜ್ಯವೂ ಹರಿಯಿತು. 1914ರಲ್ಲಿ ಮೂರು ಸಂಸ್ಥಾನಗಳೂ ಕೇಂದ್ರ ಸರಕಾರವೂ ಸೇರಿ ಒಪ್ಪಂದ ಮಾಡಿಕೊಂಡುವು. ನಮ್ಮಲ್ಲಿ ಮೈಸೂರು ಮದರಾಸುಗಳು 1924ರಲ್ಲಿ ಮಾಡಿಕೊಂಡುದಕ್ಕೆ ಅದು ಹತ್ತು ವರ್ಷಗಳಷ್ಟು ಹಿರಿದು. 1936ರಲ್ಲಿ ಹ್ಯೂಮ್ ಅಣೆಕಟ್ಟು ಮುಗಿಯಿತು. 1940ರ ಹೊತ್ತಿಗೆ, ಉಪ್ಪುನೀರು ಸರೋವರಕ್ಕೆ ನುಗ್ಗದಂತೆ ನದೀಮುಖದ ಬಳಿ ಐದು ಅಡ್ಡಕಟ್ಟೆಗಳು ಎದ್ದುವು.

ಇವುಗಳಲ್ಲಿ ಯಾವುದನ್ನೂ ನಾನು ತಪ್ಪೆನ್ನಲಾರೆನು. ಕಟ್ಟೆಯ ನೀರಿನಿಂದ ಬೆಳೆದ ಅನ್ನವನ್ನುಂಡವನು ಕಟ್ಟೆಯನ್ನು ಹಳಿಯುವುದು ಕೃತಘ್ನತೆ. ಆದರೆ ಎಲ್ಲರೂ ತಮ್ಮ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಉಳಿದುದೆಷ್ಟು? ನದೀಮುಖವನ್ನು ತಲಪುವ ನೀರು ಸಹಜಪ್ರಮಾಣಕ್ಕಿಂತ ನೂರಕ್ಕೆ 61ರಷ್ಟು ತಗ್ಗಿದೆಯೆಂದು 2008ರಲ್ಲಿ ಆ ದೇಶದ ವಿಜ್ಞಾನಿಗಳು ಲೆಕ್ಕವಿಟ್ಟರು. ಮನುಷ್ಯನು ಕೈಹಾಕದಿದ್ದರೆ ನೂರು ದಿನಗಳಲ್ಲಿ ಒಂದು ದಿನ ಮಾತ್ರ ನಿಲ್ಲಬೇಕಾಗಿದ್ದ ಹರಿವು, ನಲವತ್ತು ದಿನ ನಿಲ್ಲುವಂತಾಗಿತ್ತು. ನಾನು ಹೋದ ಆ ತಿಂಗಳು ಸರೋವರದ ಮಟ್ಟವು ಕಡಲಿಗಿಂತಲೂ ಕೆಳಗಿಳಿದಿತ್ತು. ಬಯಲಾದ ಕೆಸರು ಗಾಳಿ ತಾಗಿ ಆಮ್ಲವಾಗುತ್ತಿದ್ದಿತು. ಕಟ್ಟೆಗಳ ಬಾಗಿಲು ಮುಚ್ಚಿದ್ದುವು. ಕಾಂಗೋಲಿ ಎಂಬ ಮೀನಿನ ಹೆಣ್ಣುಗಳು ಮರಿಮಾಡಲು ಸಿಹಿನೀರಿನಿಂದ ಕಡಲಿಗೆ ಇಳಿಯುವುವಂತೆ. ಬಾಗಿಲು ಮುಚ್ಚಿದ ಆ ವರ್ಷಗಳಲ್ಲಿ ಅವುಗಳ ವಂಶವೇ ಕ್ಷೀಣಿಸಿತು.

ಉಪ್ಪಿನ ವಿಷಯವು ಇನ್ನೂ ಗಹನವಾದುದು. ಆ ಪ್ರದೇಶದ ಮಣ್ಣಿನ ಒಳಗೆ ಪುರಾತನವಾದ ಉಪ್ಪು ಸಂಚಿತವಾಗಿದೆ. ಕಾಡು ಕಡಿದು ನೀರು ಹಾಯಿಸಿದಂತೆಲ್ಲ ಅದು ಅಂತರ್ಜಲದೊಡನೆ ಮೇಲಕ್ಕೆ ಬಂದು ನದಿಗೆ ಸೇರುವುದು. ಅದನ್ನು ಹೊರಕ್ಕೆ ಸಾಗಿಸಲು ನದಿಯ ಬಾಯಿಯಲ್ಲದೆ ಬೇರೆ ಮಾರ್ಗವೇ ಇಲ್ಲ. ವರ್ಷಕ್ಕೆ 20 ಲಕ್ಷ ಟನ್ ಉಪ್ಪು ಕಡಲಿಗೆ ಹೋಗಬೇಕೆಂದು 2012ರ ಜಲಾನಯನ ಯೋಜನೆಯಲ್ಲಿ ಗುರಿಯಿಟ್ಟರು. ಬಾಯಿ ಮುಚ್ಚಿದರೆ ಆ ಉಪ್ಪೆಲ್ಲ ಹೊಲತೋಟಗಳಲ್ಲಿಯೇ ಉಳಿಯುವುದು.

ಇಲ್ಲಿ ನನ್ನ ತಪ್ಪೊಪ್ಪಿಗೆಯೊಂದುಂಟು. ನಮ್ಮ ಮಾತಿನಲ್ಲಿ ವ್ಯರ್ಥವಾದುದನ್ನು ‘ಸಮುದ್ರಪಾಲಾಯಿತು’ ಎನ್ನುವೆವು. ಕಾವೇರಿಯ ವಿವಾದದ ದಿನಗಳಲ್ಲಿ ನಾನೂ ವೇದಿಕೆಯನ್ನೇರಿ, ಒಂದು ತೊಟ್ಟು ನೀರೂ ಸಮುದ್ರಪಾಲಾಗಬಾರದೆಂದು ಕೂಗಿ ಚಪ್ಪಾಳೆ ಗಿಟ್ಟಿಸಿದವನು. ಮರ್ರೆಯ ಬಾಯಲ್ಲಿ ನಿಂತಾಗ ಆ ಚಪ್ಪಾಳೆಯ ಸದ್ದು ನನ್ನ ಕಿವಿಗೆ ಮರಳಿ ಬಂದಿತು. ಒಂದು ತೊಟ್ಟೂ ಹೋಗದ ಕಡಲಬಾಗಿಲು ಹೇಗಿರುವುದೆಂಬುದನ್ನು ನಾನು ಕಣ್ಣಾರೆ ನೋಡುತ್ತಿದ್ದೆನು. ಕಡಲಿನ ಪಾಲು ಕಡಲಿಗೆ ಸಲ್ಲುವುದೇ ನದಿಯ ಆರೋಗ್ಯವೆಂಬುದು ನನಗೆ ಅಂದಿನವರೆಗೂ ಹೊಳೆದಿರಲಿಲ್ಲ.

ಹೊಳೆಯಬೇಕಾಗಿತ್ತು. ನಮ್ಮ ತಾತನು ಊರಿನ ಕೆರೆಗೆ ನೀರಗಂಟಿಯಾಗಿದ್ದನು. ಬೇಸಗೆಯಲ್ಲಿ ಗದ್ದೆಯವರು ಬಂದು ಎಷ್ಟು ಕಾಡಿ ಬೇಡಿದರೂ, “ತೂಬಿಗೆ ಎಟುಕದ ನೀರು ಕೆರೆಯದು, ಅದು ದನಕ್ಕೆ, ಮೀನಿಗೆ, ಹಕ್ಕಿಗೆ,” ಎಂದು ಕಳುಹಿಸಿಬಿಡುತ್ತಿದ್ದನು. ಅಕ್ಷರವರಿಯದ ಮುದುಕನಿಗೆ ತಿಳಿದಿದ್ದುದನ್ನು ಕಲಿಯಲು ನಾನು ಸಮುದ್ರವನ್ನು ದಾಟಬೇಕಾಯಿತು.

ಆ 2012ರ ಯೋಜನೆಯಲ್ಲಿ, ವರ್ಷಕ್ಕೆ 2,750 ಗಿಗಾಲೀಟರು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 97 ಟಿ.ಎಂ.ಸಿ. ನೀರನ್ನು ನೀರಾವರಿಯಿಂದ ಬಿಡಿಸಿ ನದಿಗೆ ಹಿಂದಿರುಗಿಸಬೇಕೆಂದು ನಿಶ್ಚಯಿಸಿದರು. ಒಮ್ಮೆ ಕೊಟ್ಟ ಪಾಲನ್ನು ಮರಳಿ ಪಡೆಯುವುದು ಸುಲಭವೇ? ರೈತರು ಕೋಪಗೊಂಡರು, ಯೋಜನೆಯ ಪ್ರತಿಗಳನ್ನು ಸುಟ್ಟುದೂ ಉಂಟು. ಅವರ ಸಂಕಟವು ನನಗೆ ಚೆನ್ನಾಗಿ ಅರ್ಥವಾಗುವುದು.

2022ರ ಕೊನೆಯಲ್ಲಿ ಮರ್ರೆಗೆ ಮಹಾಪ್ರವಾಹವು ಬಂದಿತು. 1956ರ ತರುವಾಯ ಆ ಕೆಳನಾಡು ಅಂತಹದನ್ನು ಕಂಡಿರಲಿಲ್ಲ. ಮನೆಗಳು ಮುಳುಗಿದುವು, ನಷ್ಟ ಬಹಳವಾಯಿತು. ಆದರೂ, “ಅಪ್ಪ, ನದಿಯ ಬಾಯಿ ಅಗಲವಾಗಿ ತೆರೆದುಕೊಂಡಿದೆ,” ಎಂದು ಮಗಳು ತಿಳಿಸಿದಾಗ, ದೂರದ ಬಂಧುವೊಬ್ಬರು ಹಾಸಿಗೆ ಬಿಟ್ಟು ಎದ್ದ ಸುದ್ದಿಯನ್ನು ಕೇಳಿದಂತಾಯಿತು.

ಅಂದು ರಾತ್ರಿ ನಮ್ಮ ಕಾವೇರಿಯ 2007ರ ತೀರ್ಪನ್ನು ತೆಗೆದು ನೋಡಿದೆನು. 740 ಟಿ.ಎಂ.ಸಿ.ಯ ಹಂಚಿಕೆಯಲ್ಲಿ ಪರಿಸರರಕ್ಷಣೆಗೆಂದು 10. ಅನಿವಾರ್ಯವಾಗಿ ಸಮುದ್ರಕ್ಕೆ ತಪ್ಪಿಸಿಕೊಂಡು ಹೋಗುವುದೆಂದು 4. ತಪ್ಪಿಸಿಕೊಂಡು ಹೋಗುವುದು! ತಾಯಿಯು ತನ್ನ ಮನೆಗೆ ಹೋಗುವುದನ್ನು ಹಾಗೆ ಬರೆದಿಟ್ಟಿದ್ದೇವೆ. ಮುಂದಿನ ಚಳಿಗಾಲದಲ್ಲಿ ದೇಹಸ್ಥಿತಿ ಅನುಕೂಲಿಸಿದರೆ ಪೂಂಪುಹಾರಿಗೆ ಹೋಗಬೇಕೆಂದಿದ್ದೇನೆ.