ಯುಪಿಎಸ್ ಕೂಗುತ್ತಲೇ ಇತ್ತು

ಮಳೆಗಾಲದಲ್ಲಿ ತೋಡೂರಿನ ಕರೆಂಟನ್ನು ನಂಬುವ ಹಾಗಿಲ್ಲ. ಇದೇ ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ. ಮೊದಲನೆಯದು 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ಓಡಿತ್ತು. ನಮ್ಮನೆಯಲ್ಲಿ ಒಂಬತ್ತು ತಾಸು ನಿಂತರೆ ಪುಣ್ಯ. ತೆಂಗಿನ ಹೆಡೆ ತಂತಿಯ ಮೇಲೆ ಬಿದ್ದರೆ ಕೈಗಾ ತಾನೇ ಏನು ಮಾಡೀತು!

ಹಳೆಯ ಕಂಪ್ಯೂಟರಿಗೆ ಯುಪಿಎಸ್ ಇಟ್ಟದ್ದು ಅದಕ್ಕೇ. ತೀರಿಹೋದ ಅಜ್ಜಿಯ ಮದುವೆ ಹಾಡುಗಳು ಅದರಲ್ಲಿವೆ, ಬೇರೆಲ್ಲೂ ಇಲ್ಲ. ಬ್ಯಾಟರಿ ತಳ ಕಂಡರೆ ಯುಪಿಎಸ್ ಯುಎಸ್‌ಬಿ ತಂತಿಯಲ್ಲಿ ಸುದ್ದಿ ಕಳಿಸುತ್ತದೆ, ನಟ್ ಎಂಬ ತಂತ್ರಾಂಶ ಕಂಪ್ಯೂಟರನ್ನು ಕ್ರಮವಾಗಿ ಮುಚ್ಚುತ್ತದೆ.

ಡೆಬಿಯನ್ 12ರಿಂದ 13ಕ್ಕೆ ಏರಿಸಿದ ಮೂರನೇ ರಾತ್ರಿ ಕರೆಂಟು ಹೋಯಿತು.

"ಅದು ಕೂಗ್ತಾ ಉಂಟಲೋ, ತಮಾ," ಎಂದಳು ಆಯಿ.

"ತಾನೇ ಬಂದಾಗ್ತದೆ," ಎಂದು ಮಗ್ಗುಲಾದೆ.

ಆಗಿರಲಿಲ್ಲ. ಬೆಳಿಗ್ಗೆ ಡಿಸ್ಕಿನ ತಪಾಸಣೆ ಮುಗಿಯುವವರೆಗೆ ಚಹಾ ಆರಿತು. ಹಾಡುಗಳು ಉಳಿದಿದ್ದವು. ಮೊದಲು ಅವನ್ನು ಪೆನ್‌ಡ್ರೈವಿಗೆ ಹಾಕಿದೆ. ವರ್ಷಗಳ ಹಿಂದೆಯೇ ಮಾಡಬೇಕಿದ್ದ ಕೆಲಸ.

ಲಾಗ್ ನೋಡಿದರೆ, ನಟ್‌ನ ಚಾಲಕಕ್ಕೆ ಯುಎಸ್‌ಬಿ ತೆರೆಯಲು ಅನುಮತಿಯೇ ಇಲ್ಲ. ಅನುಮತಿ ಕೊಡುವ ಯುಡೆವ್ ನಿಯಮ ಜಾರಿಯಾಗುವುದು ಸಾಧನ ಚುಚ್ಚಿದ ಗಳಿಗೆಯಲ್ಲಿ. ನಮ್ಮ ತಂತಿ ವರ್ಷದಿಂದ ಅಲುಗಿರಲಿಲ್ಲ. ಕಿತ್ತು ಚುಚ್ಚಿದೆ, ಸೇವೆ ಮರುಪ್ರಾರಂಭಿಸಿದೆ. ಫ್ಯಾನಿನ ವೇಗವೂ ಕಾಣೆಯಾಗಿತ್ತು. ಸೆನ್ಸರ್ ಮಾಡ್ಯೂಲನ್ನು ಕೈಯಾರೆ ಹಾಕಿದ ಮೇಲೆ ಬಂತು.

ಹಗಲಲ್ಲೇ ಯುಪಿಎಸ್‌ನ ಪ್ಲಗ್ ಕಿತ್ತೆ. ಪರದೆಯಲ್ಲಿ 'ಒಎಲ್' ಹೋಗಿ 'ಒಬಿ' ಬಂತು.

ಒಳಗಿಂದ ಆಯಿ, "ಮತ್ತೆ ಹೋಯ್ತಾ ಕರೆಂಟು?"