ಎಲ್ಲರಿಗೂ ಕಾಣುವ ಕಾಯಿಲೆ

ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅವಳಿಗೆ ಏಳು ವರ್ಷ. ದಾವಣಗೆರೆಯ ಬಿಸಿಲು, ಅದಕ್ಕೇ ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ ಅಂದುಕೊಂಡಿದ್ದೆವು. ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು, ಫ್ರಾಕುಗಳು ಜೋಲತೊಡಗಿದವು. ಒಂದು ರಾತ್ರಿ ವಾಂತಿ, ಏದುಸಿರು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಕಫ ಕಟ್ಟಿದೆ ಎಂದರು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಓಡಿದಾಗ ಬೆರಳಿಗೆ ಚುಚ್ಚಿ ನೋಡಿದ ನರ್ಸ್ ಏನೂ ಹೇಳದೆ ಡಾಕ್ಟರನ್ನು ಕರೆಯಲು ಹೋದರು. ಐಸಿಯುವಿನಿಂದ ಹೊರಬರುವಷ್ಟರಲ್ಲಿ ನಮಗೆ ತಿಳಿದದ್ದು ಇಷ್ಟು: ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡಿದೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ಪಥ್ಯದಿಂದ ಹೋಗುವುದೂ ಅಲ್ಲ. ಇನ್ನು ಬದುಕಿರುವಷ್ಟು ಕಾಲ ಇನ್ಸುಲಿನ್ ಹೊರಗಿನಿಂದಲೇ ಬರಬೇಕು.

ಉಳಿದ ಪಾಠವನ್ನು ನೆಂಟರು ಕಲಿಸಿದರು. "ಹೆಣ್ಣು ಹುಡುಗಿ, ಯಾರ ಹತ್ರಾನೂ ಬಾಯಿ ಬಿಡಬ್ಯಾಡ್ರಿ." ಹಾಗಲಕಾಯಿ ರಸ ಕುಡಿಸಿ ಎಂದವರು, ಮಲೆನಾಡಿನಿಂದ ನಾಟಿ ಔಷಧಿಯ ಪೊಟ್ಟಣ ತಂದವರು, ಎಲ್ಲರ ಮಾತೂ ಕೊನೆಗೆ ಮಗುವಿನ ಮದುವೆಗೇ ಬಂದು ನಿಲ್ಲುತ್ತಿತ್ತು. ಎರಡನೇ ಕ್ಲಾಸಿನ ಹುಡುಗಿಯ ಮದುವೆ! ಸೂಜಿಯ ಕಾಲದಲ್ಲಿ ಮುಚ್ಚಿಡುವುದು ಸಾಧ್ಯವೂ ಇತ್ತು. ಊಟಕ್ಕೆ ಮುಂಚೆ ಕೋಣೆಯ ಕದ ಹಾಕಿಕೊಂಡು ಇನ್ಸುಲಿನ್ ಪೆನ್ ತಿರುಗಿಸಿ, ಹೊಟ್ಟೆಗೋ ತೊಡೆಗೋ ಚುಚ್ಚಿ, ಹೊರಬಂದು ಪಂಕ್ತಿಯಲ್ಲಿ ಕೂರುತ್ತಿದ್ದೆವು. ಸೂಜಿ ಎಂದರೆ ಕದ ಹಾಕಿಕೊಂಡು ಮಾಡುವ ಕೆಲಸ ಎಂಬುದು ಅವಳ ತಲೆಯಲ್ಲೂ ಕೂತುಬಿಟ್ಟಿತು.

ದಿನಕ್ಕೆ ನಾಲ್ಕು ಸೂಜಿ. ಊಟಕ್ಕೊಂದರಂತೆ ಮೂರು, ಮಲಗುವಾಗ ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ನಿನದು ಒಂದು. ಸಂಜೆ ಹಲಸಿನ ತೊಳೆ ಬೇಕೆಂದರೆ ಐದನೆಯದು. "ಹಾಗಾದ್ರೆ ಬೇಡ ಬಿಡು" ಎಂದು ಅವಳು ತಟ್ಟೆ ದೂಡುವುದನ್ನು ನೋಡುವುದು ನನಗೆ ಸೂಜಿ ಚುಚ್ಚುವುದಕ್ಕಿಂತ ಕಷ್ಟವಾಗಿತ್ತು. ಒಂದು ಸಲ ಚುಚ್ಚಿದ ಮೇಲೆ ತಿನ್ನಲೇಬೇಕು. ಹಸಿವಿಲ್ಲ ಎನ್ನುವಂತಿಲ್ಲ, ಸಾರು ಖಾರ ಎನ್ನುವಂತಿಲ್ಲ. ಅವಳ ಮೈಗೆ ಒಂದು ಯೂನಿಟ್ ಎಂದರೆ ರಕ್ತದ ಸಕ್ಕರೆಯಲ್ಲಿ ಸುಮಾರು 100 ಅಂಕದ ಇಳಿತ. ನಮ್ಮ ಪೆನ್ನಿನಲ್ಲಿ ಒಂದಕ್ಕಿಂತ ಕಡಿಮೆ ತಿರುಗಿಸಲು ಬರುತ್ತಿರಲಿಲ್ಲ. ಮಲಗುವ ಹೊತ್ತಿಗೆ ಏರುವ ಸಕ್ಕರೆ ಬೆಳಗಿನ ಜಾವ 60ಕ್ಕೆ ಜಾರುತ್ತಿತ್ತು. ಅಲಾರಾಂ ಇಟ್ಟುಕೊಂಡು ಎದ್ದು, ನಿದ್ದೆಯಲ್ಲಿರುವ ಮಗುವಿನ ಬೆರಳು ಚುಚ್ಚಿ, ಗ್ಲುಕೋಸ್ ನೀರು ಕುಡಿಸುವುದು ನಮ್ಮ ರಾತ್ರಿಗಳ ಕೆಲಸವಾಗಿತ್ತು.

ಇನ್ಸುಲಿನ್ ಪಂಪು ಹಾಕೋಣ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದು ಈ ಕಾರಣಕ್ಕೆ. ಅಂಗೈಯಲ್ಲಿ ಹಿಡಿಯುವಷ್ಟು ಯಂತ್ರ. ಒಳಗೆ ಇನ್ಸುಲಿನ್ ತುಂಬಿದ ಸಣ್ಣ ಕೊಳವೆ, ಅದರಿಂದ ತೆಳು ಟ್ಯೂಬು, ಟ್ಯೂಬಿನ ತುದಿಯಲ್ಲಿ ಚರ್ಮದಡಿ ಕೂರುವ ಮೆತ್ತನೆಯ ಕ್ಯಾನುಲಾ. ತಕ್ಷಣ ಕೆಲಸ ಮಾಡುವ ಇನ್ಸುಲಿನ್ ಒಂದನ್ನೇ ಅದು ಗಂಟೆಗೆ 0.3, 0.2 ಯೂನಿಟ್‌ನಂತೆ ಹನಿಸುತ್ತಿರುತ್ತದೆ. ಯಾವ ಹೊತ್ತಿಗೆ ಹೆಚ್ಚು, ಯಾವ ಹೊತ್ತಿಗೆ ಕಡಿಮೆ ಎಂದು ಮೊದಲೇ ಹೇಳಿಡಬಹುದು. ಊಟದ ಡೋಸಿಗೆ ಗುಂಡಿ ಒತ್ತಿದರಾಯಿತು. ಕ್ಯಾನುಲಾವನ್ನು ಎರಡು-ಮೂರು ದಿನಕ್ಕೊಮ್ಮೆ ಬದಲಿಸಬೇಕು, ಒಂದೇ ಜಾಗಕ್ಕೆ ಹಾಕುತ್ತಿದ್ದರೆ ಚರ್ಮದಡಿ ಗಂಟು ಕಟ್ಟುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಮೊದಲು ತಯಾರಾದ ಇಂಥ ಯಂತ್ರ ಬೆನ್ನಿಗೆ ಹೊರುವಷ್ಟು ದೊಡ್ಡದಿತ್ತಂತೆ. ನಮಗೆ ಭಾರವಾದದ್ದು ಬೆಲೆ. ಯಂತ್ರಕ್ಕೆ ಲಕ್ಷಗಳ ಲೆಕ್ಕ. ಮೇಲೆ ಟ್ಯೂಬು, ಕ್ಯಾನುಲಾ, ಸಕ್ಕರೆ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರ್ ಸೇರಿ ತಿಂಗಳಿಗೆ ಹತ್ತು ಸಾವಿರ ದಾಟುವ ಖರ್ಚು. ಇನ್ಶೂರೆನ್ಸಿನವರು ಕೈ ಎತ್ತಿಬಿಟ್ಟರು. ಹರಿಹರದ ಕಡೆ ಇದ್ದ ಸೈಟು ಮಾರಿದೆವು. ಇಬ್ಬರಿಗೂ ಸಂಬಳವಿದೆ, ಮಾರಲು ಸೈಟಿತ್ತು. ಡಾಕ್ಟರ ಕೋಣೆಯ ಹೊರಗೆ ಚಿತ್ರದುರ್ಗದ ಕಡೆಯ ತಾಯಿಯೊಬ್ಬಳು ಸಿಕ್ಕಿದ್ದಳು. ಮನೆಯಲ್ಲಿ ಫ್ರಿಜ್ ಇಲ್ಲದೆ ಇನ್ಸುಲಿನ್ ಬಾಟಲಿಯನ್ನು ನೀರಿನ ಮಡಕೆಯಲ್ಲಿಟ್ಟು ಕಾಪಾಡುತ್ತಿದ್ದಳು, ಮಗನ ಸಕ್ಕರೆಯ ಲೆಕ್ಕ ಬರೆದ ಪುಸ್ತಕ ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು. ಪಂಪು ಯಾರಿಗೆ ಸಿಗುತ್ತದೆ ಎಂಬುದಕ್ಕೂ ಯಾರು ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದಕ್ಕೂ ಸಂಬಂಧವಿಲ್ಲ.

ಮೊದಲ ದಿನಗಳಲ್ಲಿ ಪಂಪಿಗೆ ಬರೀ ಸಲೈನ್ ತುಂಬಿ, ಮೈಮೇಲೆ ಇಟ್ಟುಕೊಂಡು ಓಡಾಡುವುದನ್ನು ಕಲಿಸುತ್ತಾರೆ. "ಅಪ್ಪನಿಗೂ ಹಾಕಿ" ಎಂದಳು ಮಗಳು. ಇವರ ಹೊಟ್ಟೆಗೆ ಕ್ಯಾನುಲಾವನ್ನು ಅವಳೇ ಚುಚ್ಚಿದಳು. ಸ್ಪ್ರಿಂಗ್ ಇರುವ ಆ ಡಬ್ಬಿ ಚರ್ಮಕ್ಕೊತ್ತಿದರೆ ಫಟ್ ಎನ್ನುತ್ತದೆ. ಇವರು ಹಾರಿಬಿದ್ದರು, ಅವಳು ನಕ್ಕಳು. ಅಡುಗೆಮನೆ ಬಾಗಿಲ ಚಿಲಕಕ್ಕೆ ಟ್ಯೂಬು ಸಿಕ್ಕಿ ಇವರದ್ದು ಕಿತ್ತೂ ಬಂತು. ಅವಳ ಸರದಿ ಬಂದಾಗ ನಗು ಇರಲಿಲ್ಲ. ಮರಗಟ್ಟಿಸುವ ಮುಲಾಮು ಒಂದು ಗಂಟೆ ಮೊದಲೇ ಹಚ್ಚಿದ್ದರಿಂದ ನೋವು ಅಷ್ಟಿಲ್ಲ; ಅವಳಿಗೆ ಹೆದರಿಕೆ ಆ ಫಟ್ ಸದ್ದಿನದು. ಗುಂಡಿ ಒತ್ತುವವರು ನಾವಾದರೆ ಮೈಯೆಲ್ಲ ಬಿಗಿ ಹಿಡಿಯುತ್ತಿದ್ದಳು. ಒತ್ತುವುದನ್ನು ಅವಳ ಬೆರಳಿಗೇ ಬಿಟ್ಟೆವು. ಎಷ್ಟು ಹೊತ್ತಾದರೂ ಆಗಲಿ, ಒಂದು ಎರಡು ಮೂರು ಎಂದು ಎಣಿಸಿ ಮತ್ತೆ ಮೊದಲಿನಿಂದ ಎಣಿಸಲಿ ಎಂದು ಕಾದೆವು. ಶಾಲೆಯ ಬಸ್ಸು ತಪ್ಪಿದ ಬೆಳಗುಗಳೂ ಇದ್ದವು.

ಅತ್ತೆಗೆ ಯಂತ್ರದ ಮೇಲೆ ಸಿಟ್ಟಿರಲಿಲ್ಲ, ಅದು ಕಾಣುತ್ತದಲ್ಲ ಎಂಬ ಸಂಕಟ. "ಸೂಜಿ ಆಗಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಇದನ್ನ ಸೊಂಟಕ್ಕೆ ಕಟ್ಕೊಂಡು ತಿರುಗಿದ್ರೆ ಊರಿಗೆಲ್ಲ ಡಂಗುರ ಸಾರಿದಂಗೆ." ನಾನು ಉತ್ತರ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಅವರೇ ಹಳೆಯ ಮೆತ್ತನೆ ಹತ್ತಿ ಸೀರೆ ಹರಿದು, ಉಡಿದಾರದ ಹಾಗೆ ಸೊಂಟಕ್ಕೆ ಕೂರುವ ಪಟ್ಟಿ, ಅದಕ್ಕೊಂದು ಚೀಲ ಹೊಲಿದುಕೊಟ್ಟರು. ಕಾಣದಿರಲಿ ಎಂದು ಹೊಲಿದದ್ದು. ಕಂಪನಿಯ ಡಬ್ಬಿಯಲ್ಲಿ ಬಂದ ಬೆಲ್ಟು ಬೆವರಿಗೆ ಕಡಿತ ತರಿಸುತ್ತಿತ್ತು. ಅಜ್ಜಿಯ ಪಟ್ಟಿ ತರಿಸಲಿಲ್ಲ.

ಶಾಲೆಯಲ್ಲಿ ಪಂಪು ಕಾಣಿಸಲೇಬೇಕಾಯಿತು. ಕಿರುಪರೀಕ್ಷೆಯ ನಡುವೆ ಬೀಪ್ ಎಂದಾಗ ಮೊಬೈಲೆಂದುಕೊಂಡ ಟೀಚರೊಬ್ಬರು ಕೈ ಚಾಚಿ "ಕೊಡಿಲ್ಲಿ" ಎಂದರಂತೆ. ಕೊಡಲು ಬರುವ ವಸ್ತುವೇ ಅದು? ಮರುದಿನ ಹೆಡ್ ಮೇಡಂ ಮುಂದೆ ಕುಳಿತು ವಿವರಿಸಿದೆ. ಸಿಬಿಎಸ್‌ಇ ಮಂಡಳಿ 2017ರಲ್ಲೇ ಟೈಪ್ 1 ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಬಹುದೆಂದು ಹೇಳಿದ್ದರ ಪ್ರತಿಯನ್ನೂ ಕೊಟ್ಟೆ. ನಮ್ಮದು ಆ ಮಂಡಳಿಯ ಶಾಲೆಯಲ್ಲ, ಆದರೂ ಅಚ್ಚಾದ ಕಾಗದಕ್ಕೆ ತಾಯಿಯ ಮಾತಿಗಿಂತ ತೂಕ ಹೆಚ್ಚು. ಗೆಳತಿಯರಿಗೆ ಮಾತ್ರ ಮಗಳು ತನ್ನದೇ ಉತ್ತರ ಕೊಟ್ಟಿದ್ದಳು: "ನಂಗೆ ಚಾರ್ಜ್ ಮಾಡೋ ಮಷೀನು." ಅವರು ನಂಬಿದರು. ಆಟದಲ್ಲಿ ಅವಳು ಸುಸ್ತಾದರೆ "ಚಾರ್ಜ್ ಖಾಲಿಯಾಯ್ತು ಕಣೇ" ಎಂದು ಅವರೇ ಕೂರಿಸುತ್ತಿದ್ದರು. ಸಕ್ಕರೆ 70ಕ್ಕಿಂತ ಇಳಿದ ಮಗುವನ್ನು ಕೂರಿಸಬೇಕಾದದ್ದೂ ಹಾಗೆಯೇ.

ಮನೆಯಲ್ಲಿ ತಕ್ಕಡಿ ಬಂತು. ಊಟದಲ್ಲಿ ಎಷ್ಟು ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಇದೆ ಎಂದು ಪಂಪಿಗೆ ಹೇಳಿದರೆ ಅದು ಡೋಸಿನ ಲೆಕ್ಕ ಹಾಕುತ್ತದೆ. ನಮ್ಮ ಮಗಳಿಗೆ ಆಗ 25 ಗ್ರಾಂಗೆ ಒಂದು ಯೂನಿಟ್. ಜೊತೆಗೆ ಬಂದ ಪುಸ್ತಕದಲ್ಲಿ ಬ್ರೆಡ್ಡು, ಪಾಸ್ತಾ ಇದ್ದವು, ಮುದ್ದೆ ಇರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕ ನೋಡಿ, 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 70 ಗ್ರಾಂ ಎಂದು ಹಿಡಿದು, ಎಸರಿಗೆ ಹಾಕುವ ಹಿಟ್ಟನ್ನೇ ತೂಗಿ ಕಟ್ಟಿದ ಮುದ್ದೆಗೆ ಹಂಚಿದೆವು. ಅತ್ತೆಯ ಕೈಯ ಮುದ್ದೆಗಳನ್ನು ಒಂದೊಂದಾಗಿ ತೂಕಕ್ಕಿಟ್ಟರೆ ಹೆಚ್ಚುಕಡಿಮೆ ಒಂದೇ ಅಂಕಿ. "ತಕ್ಕಡಿ ಯಾಕೆ, ನನ್ನ ಕೈ ಸಾಲದಾ?" ಎಂದು ಅವರು ಬೀಗಿದರು. ನಾನು ಕಟ್ಟಿದವು ಬೀಗುವಂತಿರಲಿಲ್ಲ. ತುಪ್ಪ ಸುರಿದ ಹೋಳಿಗೆ ಬಹಳ ಕಾಡಿತು. ಜಿಡ್ಡು ಸಕ್ಕರೆಯನ್ನು ತಡವಾಗಿ ಏರಿಸುವುದರಿಂದ, ಒಮ್ಮೆಗೇ ಡೋಸ್ ಕೊಟ್ಟರೆ ಮೊದಲು ಇಳಿದು ಆಮೇಲೆ ಏರುತ್ತದೆ. ಅರ್ಧ ಡೋಸ್ ಈಗ, ಉಳಿದರ್ಧ ಮುಂದಿನ ಎರಡು-ಮೂರು ಗಂಟೆ ಎಳೆಎಳೆಯಾಗಿ ಕೊಡುವುದು ಪಂಪಿಗೆ ಮಾತ್ರ ಸಾಧ್ಯ. ಆ ಯುಗಾದಿಯ ಹೋಳಿಗೆಯನ್ನು ಅವಳು ಎಲ್ಲರ ಪಂಕ್ತಿಯಲ್ಲಿ ಕೂತು ತಿಂದಳು.

ಎಲ್ಲ ಹದಕ್ಕೆ ಬರುತ್ತಿದೆ ಎನ್ನುವಾಗ ಆ ರಾತ್ರಿ ಬಂತು. ಚನ್ನಗಿರಿಯ ಕಡೆ ನೆಂಟರ ಮನೆಯ ಮದುವೆ. ಮಕ್ಕಳೆಲ್ಲ ಚಪ್ಪರದ ಕಂಬ ಹತ್ತಿ ಇಳಿದು ಆಡಿದ್ದರು. ಮಲಗುವಾಗ 240 ಇತ್ತು. ಊಟದ್ದಿರಬೇಕೆಂದು ಪಂಪಿನಲ್ಲೇ ತಿದ್ದುಪಡಿ ಡೋಸ್ ಕೊಟ್ಟೆವು. ನಡುರಾತ್ರಿ ದಾಟಿದ ಮೇಲೆ ಹೊಟ್ಟೆನೋವೆಂದು ಎದ್ದಳು. 386. ವಾಂತಿ. ಉಸಿರಿನಲ್ಲಿ ಅದೇ ಹುಳಿಹಣ್ಣಿನ ವಾಸನೆ, ಏಳನೇ ವಯಸ್ಸಿನಲ್ಲಿ ಬಂದದ್ದೇ. ಮೂತ್ರಕ್ಕೆ ಅದ್ದಿದ ಕೀಟೋನ್ ಪಟ್ಟಿ ಕಡು ನೇರಳೆಗೆ ತಿರುಗಿತು. ಪಂಪು ಮಾತ್ರ ಎಲ್ಲ ಸರಿಯಿದೆ ಎನ್ನುವಂತೆ ಸುಮ್ಮನಿತ್ತು. ಕ್ಯಾನುಲಾ ಕಿತ್ತು ನೋಡಿದರೆ ಚರ್ಮದಡಿ ಮಡಚಿಕೊಂಡು ಬಿದ್ದಿತ್ತು. ಇನ್ಸುಲಿನ್ ಒಳಗೆ ಹೋಗದೆ ಅಂಟುಪಟ್ಟಿಯಡಿ ಸೋರಿತ್ತು.

ಪಂಪಿನ ಅಪಾಯ ಇದೇ. ಸೂಜಿಯವರ ಮೈಯಲ್ಲಿ ದಿನವಿಡೀ ಇರುವ ಇನ್ಸುಲಿನ್ನಿನ ಆಸರೆ ಪಂಪಿನವರಿಗಿಲ್ಲ. ಹರಿವು ನಿಂತ ಮೂರು-ನಾಲ್ಕು ಗಂಟೆಗಳಲ್ಲಿ ಮೈ ಬರಿದಾಗಿ ರಕ್ತಕ್ಕೆ ಕೀಟೋನ್ ಎಂಬ ಹುಳಿ ಏರಲು ಶುರುವಾಗುತ್ತದೆ. ಏರಿದ ಸಕ್ಕರೆ ತಿದ್ದುಪಡಿಗೆ ಜಗ್ಗದಿದ್ದರೆ ಪಂಪನ್ನು ನಂಬಬೇಡಿ, ಪೆನ್ನಿನಿಂದ ಕೊಡಿ, ಆಮೇಲೆ ಹೊಸ ಕ್ಯಾನುಲಾ ಹಾಕಿ ಎಂದು ಕಲಿಸಿದ್ದರು. ಹಾಗೇ ಮಾಡಿದೆವು. ಫೋನಿನಲ್ಲಿ ಡಾಕ್ಟರು, ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ ಎಂದರು. ಕಾರಿನ ಬೀಗದ ಕೈ ಹಿಡಿದು ಇವರು ಜಗುಲಿಯಲ್ಲಿ ನಿಂತೇ ಇದ್ದರು. ನಾನು ಗುಟುಕು ಗುಟುಕಾಗಿ ನೀರು ಕುಡಿಸುತ್ತಾ ಗಂಟೆಗೊಮ್ಮೆ ಬೆರಳು ಚುಚ್ಚಿದೆ. 412, ಆಮೇಲೆ 350, ಆಮೇಲೆ 270. ವಾಲಗದವರು ಬರುವ ಹೊತ್ತಿಗೆ ಪಟ್ಟಿಯ ಬಣ್ಣ ತಿಳಿಯಾಗಿತ್ತು. ಮದುವೆ ಮನೆಯವರಿಗೆಲ್ಲ ವಿಷಯ ಗೊತ್ತಾಗಿತ್ತು. ಅತ್ತೆ ಅಷ್ಟು ವರ್ಷ ಹೆದರಿದ್ದು ಒಂದೇ ರಾತ್ರಿಯಲ್ಲಿ ನಡೆದುಹೋಗಿತ್ತು. ಅವರು ಯಾರಿಗೂ ಏನೂ ಮುಚ್ಚದೆ, ಬಂದು ಕೇಳಿದವರಿಗೆಲ್ಲ ಕ್ಯಾನುಲಾ ಹೇಗೆ ಮಡಚಿತ್ತೆಂದು ಬೆರಳು ಬಗ್ಗಿಸಿ ತೋರಿಸುತ್ತಿದ್ದರು.

ಮನೆಗೆ ಬಂದ ಮೇಲೆ ಮಗಳು ಪಂಪು ಬಿಚ್ಚಿ ಮೇಜಿನ ಮೇಲಿಟ್ಟಳು. "ಬೇಡಮ್ಮ. ಸೂಜೀನೇ ಇರ್ಲಿ. ಸೂಜಿ ಸುಳ್ಳು ಹೇಳಲ್ಲ." ಸೈಟು ಮಾರಿದ ದುಡ್ಡು ನಾಲಿಗೆ ತುದಿಗೆ ಬಂದಿತ್ತು, ಇವರು ಕಣ್ಣಲ್ಲೇ ತಡೆದರು. ಡಾಕ್ಟರೂ ಒತ್ತಾಯ ಬೇಡ, ಡೋಸ್ ಬರೆದುಕೊಡುತ್ತೇನೆ, ಸೂಜಿಗೆ ಮರಳಿ ಎಂದರು. ಮತ್ತೆ ನಾಲ್ಕು ಸೂಜಿ, ಮತ್ತೆ ಜಾವದ ಅಲಾರಾಂ. ಪಂಪು ಬೀರುವಿನಲ್ಲಿ. ಅದರ ಮಾತನ್ನೇ ನಾವು ಎತ್ತಲಿಲ್ಲ. ಎತ್ತದಿರುವುದು ನನ್ನ ಸ್ವಭಾವಕ್ಕೆ ಎಷ್ಟು ಕಷ್ಟವೆಂದು ಮನೆಯವರಿಗೆ ಗೊತ್ತು.

ದಸರಾ ರಜೆಯಲ್ಲಿ ದೊಡ್ಡಪ್ಪನ ಮಕ್ಕಳು ಬಂದಿದ್ದರು. ಸಂಜೆ ಎಲ್ಲರೂ ಮಂಡಕ್ಕಿ-ಮಿರ್ಚಿಗೆ ಹೊರಟರು. ಗಾಡಿಯ ಮುಂದೆ ಎಲ್ಲರ ಕೈಗೂ ಪೊಟ್ಟಣ ಬಂತು. ಮಗಳು ನನ್ನ ಕಡೆ ನೋಡಿದಳು. ಅಲ್ಲಿ ಕದ ಹಾಕಿಕೊಳ್ಳಲು ಕೋಣೆಯಿರಲಿಲ್ಲ. ಜನರ ನಡುವೆ ಅಂಗಿ ಎತ್ತಲು ಅವಳು ಒಪ್ಪಲಿಲ್ಲ, ತಿನ್ನಲೂ ಇಲ್ಲ. ಮನೆಗೆ ಬಂದವಳೇ ಬೀರು ತೆಗೆದಳು. "ಹಾಕಮ್ಮ. ಆದ್ರೆ ಹೊಟ್ಟೆಗೆ ಬೇಡ, ಹಿಂದೆ ಹಾಕು. ಮಲಗೋವಾಗ ಬದಲಾಯ್ಸೋದು ಬೇಡ, ಶಾಲೆಯಿಂದ ಬಂದ ಮೇಲೆ. ನಾನು ಎದ್ದಿರೋವಾಗ ಕೆಲಸ ಮಾಡ್ತಾ ಇದ್ಯೋ ಇಲ್ವೋ ಗೊತ್ತಾಗ್ಬೇಕು." ಡಾಕ್ಟರು ಹೇಳುವ ಮಾತೂ ಅದೇ. ಯಾವಾಗ ಕೇಳಿಸಿಕೊಂಡಿದ್ದಳೋ.

ಈಗ ಅವಳಿಗೆ ಹನ್ನೆರಡು. ಕ್ಯಾನುಲಾ ತಾನೇ ಹಾಕಿಕೊಳ್ಳುತ್ತಾಳೆ, ನಾನು ಅಂಟುಪಟ್ಟಿಯ ಸುಕ್ಕು ಮಾತ್ರ ನೋಡುತ್ತೇನೆ. ಸೆನ್ಸರ್ ಜೊತೆಗಿರುವುದರಿಂದ ಸಕ್ಕರೆ ಇಳಿಯುವ ಸೂಚನೆ ಕಂಡರೆ ಪಂಪೇ ಹನಿಸುವುದನ್ನು ನಿಲ್ಲಿಸುತ್ತದೆ. ಹೆಚ್ಚಿನ ರಾತ್ರಿ ನಿದ್ದೆ ಸಿಗುತ್ತದೆ. ಭಾನುವಾರ ಒಂಬತ್ತರ ತನಕ ಮಲಗುತ್ತಾಳೆ, ಬೆಣ್ಣೆ ದೋಸೆ ಒಂದಕ್ಕೆ ಗುಂಡಿ ಒತ್ತಿ, ಇನ್ನೊಂದು ಬೇಕೆನಿಸಿದರೆ ಮತ್ತೊಮ್ಮೆ ಒತ್ತುತ್ತಾಳೆ. ಕೆಲವು ದಿನ ಒತ್ತಲು ಮರೆತು 300 ದಾಟಿಸಿ, ಕೇಳಿದರೆ ಸಿಡುಕುತ್ತಾಳೆ. ಎಲ್ಲಿಗೆ ಹೋದರೂ ಚೀಲದಲ್ಲಿ ಪೆನ್, ಸೂಜಿ, ಕೀಟೋನ್ ಪಟ್ಟಿ, ಒಂದು ಹೆಚ್ಚಿನ ಕ್ಯಾನುಲಾ ಇರಲೇಬೇಕು, ಅದೊಂದರಲ್ಲಿ ರಾಜಿಯಿಲ್ಲ. ಪಂಪಿನ ವಾರಂಟಿ ಮುಂದಿನ ವರ್ಷ ಮುಗಿಯುತ್ತದೆ. ಟ್ಯೂಬಿಲ್ಲದೆ ಮೈಗೇ ಅಂಟಿಕೊಳ್ಳುವ ಬಗೆಯವೂ ಬಂದಿವೆಯಂತೆ, ಅದು ಬೇಕೆಂದು ಅಪ್ಪನ ಹಿಂದೆ ಬಿದ್ದಿದ್ದಾಳೆ. ಇವರು ಬೆಲೆ ವಿಚಾರಿಸುತ್ತಿದ್ದಾರೆ. ಮಾರಲು ಇನ್ನೊಂದು ಸೈಟಿಲ್ಲ. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ತಂದಿಟ್ಟಿದ್ದೇನೆ.